ಬೂರಲ ಗಿಡದ ಅಕ್ಕಾರು

ಬೆಳಿಗ್ಗೆಯಿಂದ ಒಂದು ಕಡೆ ಕೂತಿಲ್ಲ. ಕಿಟಕಿ ಮುಚ್ಚಿದರೆ ಧಗೆ, ತೆರೆದರೆ ಅರಳೆ. ಪಕ್ಕದ ಅಂಗಳದ ಬೂರಲ ಗಿಡದ ತುದಿಯ ಕಾಯಿಗಳು ಬಿರಿಯಲು ಶುರುವಾಗಿವೆ. ಬೆಳ್ಳಗಿನ ನವಿರು ಎಳೆಗಳು ಗಾಳಿಗೆ ತೇಲಿ ಬಂದು ಹಾಸಿಗೆಯ ಮೇಲೆ, ಪುಸ್ತಕದ ಮೇಲೆ, ಬಿಸಿ ಸಾರಿನ ಮೇಲೆ ಇಳಿಯುತ್ತವೆ. ಈ ಹಾಳೆಯ ಮೇಲೂ ಒಂದು ಎಳೆ ಬಂದು ಹಸಿ ಶಾಯಿಗೆ ಅಂಟಿತು. ಬಿಡಿಸಲು ಹೋಗಿ ಒಂದು ಅಕ್ಷರ ಕೆಡಿಸಿಕೊಂಡೆ. ಪ್ರತಿ ಬೇಸಿಗೆಯಲ್ಲೂ ಇದು ಇದ್ದದ್ದೇ. ಆದರೆ ನಾನು ಕಸಬರಿಗೆ ಕೈಗೆತ್ತಿಕೊಂಡ ಕೂಡಲೇ ಕಂಪೌಂಡಿನ ಆಚೆಯಿಂದ ಒಂದು ದನಿ ಬರುತ್ತಿತ್ತು: “ಮಾಸ್ತರ, ಒಣ ಕಸಬರಿಗಿ ಹಿಡೀಬ್ಯಾಡ್ರಿ! ಅದನ್ನ ಓಡಸಾಕ ಹೋದ್ರ ಮನಿ ತುಂಬ ಕುಣೀತೈತಿ. ಒದ್ದಿ ಅರಿವಿ ಹಿಡೀರಿ, ಸುಮ್ಮನ ಕೂಡತೈತಿ.”

ಈ ವರ್ಷ ಆ ದನಿ ಬರಲಿಲ್ಲ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಓಣಿಯಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ದೊಡ್ಡವರಿಗೂ ಸಣ್ಣವರಿಗೂ ಅವರು ಅಕ್ಕಾರು. ಹೊರಗಿನವರು ವಿಳಾಸ ಕೇಳಿದರೆ “ಬೂರಲ ಗಿಡದ ಅಕ್ಕಾರ ಮನಿ” ಅನ್ನುತ್ತಿದ್ದರು. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಅನ್ನುವುದು ರೂಢಿ. ಇವರು ಯಾವ ಸಾಲೆಯಲ್ಲೂ ಕಲಿಸಿದವರಲ್ಲ. ಟೆಲಿಫೋನಿನ ಟ್ರಂಕ್ ಆಪರೇಟರ್ ಆಗಿದ್ದರು. ಬೋರ್ಡಿನ ಮುಂದೆ ಕೂತು, ವಯರು ಚುಚ್ಚಿ, ಗಂಗಾವತಿಯ ಅಕ್ಕಿ ಗಿರಣಿಯನ್ನು ಕುಕನೂರಿನ ಕಿರಾಣಿ ಅಂಗಡಿಗೆ ಕೂಡಿಸಿಕೊಡುವ ನೌಕರಿ.

ನಾವು ಈ ಓಣಿಗೆ ಬಂದದ್ದು ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ. ಕಾಲೇಜಿನಲ್ಲಿ ಕನ್ನಡ ಕಲಿಸಲು ಕುಷ್ಟಗಿಯಿಂದ ವರ್ಗವಾಗಿ ಬಂದಿದ್ದೆ. ಅಷ್ಟರೊಳಗೆ ಅವರ ಬೋರ್ಡು ಹೋಗಿ ಆ ಕೆಲಸ ಯಂತ್ರದ ಪಾಲಾಗಿತ್ತು. ಅವರನ್ನು ದೂರು ಬರೆದುಕೊಳ್ಳುವ ಕಿಟಕಿಯಲ್ಲಿ ಕೂಡಿಸಿದ್ದರು. ಬೋರ್ಡು ಹೋದರೂ ಅವರೊಳಗಿನ ಆಪರೇಟರ್ ಹೋಗಿರಲಿಲ್ಲ. ಬಾಗಿಲು ಬಡಿದರೆ ಒಳಗಿನಿಂದ “ಹಲೋ, ಯಾರು ಬೇಕಾಗಿತ್ತು?” ಯಾರಾದರೂ ಜಗಳ ಎಳೆದರೆ “ಮೂರು ನಿಮಿಷ ಆತು, ಮುಂದುವರಸ್ತೀರೇನು?” ಟ್ರಂಕ್ ಕಾಲಿನ ಲೆಕ್ಕ ಮೂರು ಮೂರು ನಿಮಿಷಕ್ಕೆ ಇದ್ದ ಕಾಲದ ಮಾತು ಅದು. ಜಗಳ ಮಾಡುವವರು ಅದನ್ನು ಕೇಳಿ ಎಷ್ಟೋ ಸಲ ನಕ್ಕು ಎದ್ದು ಹೋಗಿದ್ದಾರೆ. ಇನ್ನೊಂದು ಚಟ: ಏನಾದರೂ ಗಮನವಿಟ್ಟು ಕೇಳುವಾಗ ಅವರ ಎಡಗೈಯ ಎರಡು ಬೆರಳು ಎಡಗಿವಿಯ ಮೇಲೆ ಹೋಗುತ್ತಿದ್ದವು, ಅಲ್ಲಿ ಇಲ್ಲದ ಹೆಡ್‌ಫೋನನ್ನು ಒತ್ತಿ ಹಿಡಿದಂತೆ. ಈ ಬೆರಳುಗಳನ್ನು ನೆನಪಿಡಬೇಕು. ಮುಂದೆ ನಾನು ಅವುಗಳ ಮೇಲೆ ಭಾರ ಹಾಕಲಿದ್ದೇನೆ. ಅವು ತಾಳುತ್ತವೋ ಇಲ್ಲವೋ ನನಗೇ ಖಾತ್ರಿಯಿಲ್ಲ.

ಮೊದಲ ಬೇಸಿಗೆಯಲ್ಲಿ ನನ್ನ ಹೆಂಡತಿ ದೂರು ಒಯ್ದಳು. ಅಂಬೆಗಾಲಿಡುವ ಮಗಳು ನೆಲದ ಮೇಲಿನ ಅರಳೆ ಹೆಕ್ಕಿ ಬಾಯಿಗೆ ಹಾಕಿಕೊಂಡಿದ್ದಳು.

“ಅಕ್ಕಾರ, ನಿಮ್ಮ ಗಿಡದ ಅರಳಿ ನಮ್ಮ ಕೂಸಿನ ಹೊಟ್ಟ್ಯಾಗ ಹೋಗೇತ್ರಿ.”

“ಹೋಗ್ಲಿ ಬಿಡ್ರಿ. ಬೆಳದ ಮ್ಯಾಲ ಮೆತ್ತಗ ಮಾತಾಡತಾಳ.”

ನಗುತ್ತಲೇ ಹೇಳಿದರು. ಆದರೆ ಸಂಜೆ ಹಳೆಯ ವಾಯಿಲ್ ಸೀರೆಯೊಂದನ್ನು ತಂದು ನಮ್ಮ ಕಿಟಕಿಗೆ ತಾವೇ ಮೊಳೆ ಹೊಡೆದು ಬಿಗಿದರು, ನೀರು ಚಿಮುಕಿಸಿದರು. “ಗಾಳಿ ಬರತೈತಿ, ಅರಳಿ ಬರಂಗಿಲ್ಲ. ದಿನಾ ತೊಯ್ಸ್ರಿ,” ಎಂದರು. ನನ್ನ ನೆನಪಿನಲ್ಲಿ ಆ ಸೀರೆ ನೀಲಿ. ಹೆಂಡತಿ ಹಸಿರು ಅನ್ನುತ್ತಾಳೆ. ಮಗಳಿಗಂತೂ ಅಂಥದೊಂದು ಇತ್ತೆಂಬುದೇ ಗೊತ್ತಿಲ್ಲ.

ಗಿಡದ ಮೇಲೆ ಅವರಿಗೆ ಪ್ರೀತಿಯಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. “ಈ ಮುಳ್ಳಿನ ಮುದುಕ ನನ್ನ ಮಾತು ಕೇಳಂಗಿಲ್ಲ,” ಎಂದು ಅದನ್ನು ಬಯ್ಯುತ್ತಿದ್ದರು. ಗಿಡ ಬೇಕಾಗಿದ್ದದ್ದು ಅತ್ತೆಯ ಸಲುವಾಗಿ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇದ್ದವರು ಇವರು ಮತ್ತು ಅತ್ತೆ, ಇಬ್ಬರೇ. ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಸಾದಾ ಹತ್ತಿಯ ಗಾದಿ ಬೇಗ ಗಟ್ಟಿಯಾಗಿ, ಕಾವು ಹಿಡಿದು, ಮುದುಕಿಯ ಬೆನ್ನಿನಲ್ಲಿ ಹುಣ್ಣೆದ್ದಿತ್ತು. ಬೂರಲದ ಗಾದಿ ಹಾಕಿದ ಮೇಲೆ ಹುಣ್ಣು ಮಾಯ್ದವು. ಆದರೆ ಬೂರಲ ವರ್ಷದೊಳಗೆ ಚಪ್ಪಟೆಯಾಗುತ್ತದೆ. ಪ್ರತಿ ಬೇಸಿಗೆಯಲ್ಲೂ ಹೊಸದು ತುಂಬಬೇಕು. ಪ್ಯಾಟೆಯಲ್ಲಿ ಸಿಗುವುದಿಲ್ಲವೇ ಎಂದು ಕೇಳಿದ್ದೆ. “ಸಿಗತೈತ್ರಿ. ಅರ್ಧ ಬೂರಲ, ಅರ್ಧ ಗಿರಣಿ ಕಸ. ಅದನ್ನ ನಾ ಒಮ್ಮೆ ತುಂಬಿ ನೋಡೀನಿ. ಬ್ಯಾಡ, ಆ ಹಕೀಕತ್ತು ಬ್ಯಾಡ,” ಎಂದು ಮಾತು ತಿರುಗಿಸಿದರು.

ಅತ್ತೆ-ಸೊಸೆಯ ಮಾತು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು.

“ಏ ಹುಡುಗಿ, ಗಾದ್ಯಾಗ ಬೀಜ ಉಳದೈತಿ. ಚುಚ್ಚತೈತಿ.”

ಹುಡುಗಿಗೆ ಐವತ್ತರ ಹತ್ತಿರ.

“ಎಲ್ಲಿ ಚುಚ್ಚತೈತ್ರಿ?”

“ಬಲಗಡೆ.”

“ಹಂಗಾರ ಎಡಗಡೆ ಹೊಳ್ಳ್ರಿ. ಆ ಲೈನು ಖಾಲಿ ಐತಿ.”

“ಎಡಗಡೆ ಹೊಳ್ಳಿದ್ರ ನಿನ್ನ ಮಾರಿ ಕಾಣತೈತಿ.”

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಕ್ಕಾರು ಮುದುಕಿಯನ್ನು ಮಂಚದ ಮೇಲೆ ಒಂದು ಮಗ್ಗುಲಿಗೆ ಸರಿಸಿ, ಗಾದಿಯ ಹೊಲಿಗೆ ಬಿಚ್ಚಿ, ಮೊಳಕೈವರೆಗೆ ಕೈ ತೂರಿಸಿ ಆ ಒಂದು ಕರಿ ಬೀಜಕ್ಕಾಗಿ ತಡಕಾಡುತ್ತಿದ್ದರು.

ಫಾಲ್ಗುಣ ಕಳೆಯುತ್ತಿದ್ದಂತೆ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಕಾಯಿ ಹಸಿರಿದ್ದಾಗ ಕಿತ್ತರೆ ಅರಳೆ ಬಲಿತಿರುವುದಿಲ್ಲ, ಬಿರಿದ ಮೇಲೆ ಕಿತ್ತರೆ ಗಾಳಿಯ ಪಾಲು. ನಡುವೆ ಕಂದು ಬಣ್ಣಕ್ಕೆ ತಿರುಗಿ, ಬಾಯಿ ಬಿಡುವ ಮುಂಚಿನ ಕೆಲವೇ ದಿನ. ಡ್ಯೂಟಿಗೆ ಹೋಗುವ ಮುನ್ನ, ಬಂದ ಮೇಲೆ, ಊಟದ ನಡುವೆ ಎದ್ದು ಬಂದು ಗಿಡವನ್ನೇ ನೋಡುತ್ತಿದ್ದರು. ಕೊಕ್ಕೆ ಕಟ್ಟಿದ ಬಿದಿರಿನ ಗಳದಿಂದ ಕಾಯಿ ಕೀಳುವುದು, ಕಿತ್ತದ್ದನ್ನು ಹಳೆಯ ಸೊಳ್ಳೆ ಪರದೆಯೊಳಗೆ ಒಣಹಾಕುವುದು, ಬಿರಿದಾಗ ಪರದೆಯೊಳಗೇ ಕೂತು ಕೋಲಿನಿಂದ ತಿರುವುವುದು: ಬೀಜ ಕೆಳಗಿಳಿಯುತ್ತಿತ್ತು, ಅರಳೆ ಮೇಲೇರುತ್ತಿತ್ತು. ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡು ಪರದೆಯೊಳಗೆ ಕೂತ ಅವರು ದೂರದಿಂದ ಮಂಜಿನಲ್ಲಿ ಕೂತವರಂತೆ ಕಾಣುತ್ತಿದ್ದರು.

ಇಷ್ಟಾದರೂ ಹಾರುವುದು ಹಾರುತ್ತಿತ್ತು. ಗಳ ಮುಟ್ಟದ ಎತ್ತರದಲ್ಲಿ ಯಾವಾಗಲೂ ಕಾಯಿ ಉಳಿಯುತ್ತಿದ್ದವು; ಕಾಂಡಕ್ಕೆ ಮುಳ್ಳು, ಹತ್ತುವವರಿಲ್ಲ. ಒಂದು ವರ್ಷ ಆನೆಗೊಂದಿಯಿಂದ ಹಳೆಯ ಮೀನಿನ ಬಲೆ ತರಿಸಿ ಟೊಂಗೆಗಳಿಗೆ ಹೊದಿಸಿದರು. ಅದರಲ್ಲಿ ಒಂದು ಗಿಳಿ ಸಿಕ್ಕಿಕೊಂಡು ಕಿರುಚಾಡಿ ಬಲೆ ತೆಗೆಸಿತು. ಇನ್ನೊಂದು ವರ್ಷ ಪೈಪು ಹಿಡಿದು ನೀರು ಹೊಡೆದರು. ಅರಳೆ ತೊಯ್ದು ಉಂಡೆಯಾಗಿ ಎದುರುಮನೆಯ ಮಾಳಿಗೆಯ ಮೇಲೆ ಬಿತ್ತು. “ತುದೀ ಕಾಯಿ ನಮ್ಮ ಕೈಯಾಗಿಲ್ಲ ಮಾಸ್ತರ,” ಅನ್ನುತ್ತಿದ್ದರು. ಅದನ್ನು ವೇದಾಂತ ಎಂದುಕೊಂಡು ನಾನು ತರಗತಿಯಲ್ಲಿ ಹೇಳಿದ್ದುಂಟು. ಅವರು ಹೇಳಿದ್ದು ಬರೀ ಕಾಯಿಯ ಬಗ್ಗೆ.

ಎದುರುಮನೆಯ ಮಾಳಿಗೆ ಎಂದೆನಲ್ಲ, ಅದು ದೊಡ್ಡವ್ವನದು. ಕಿರಾಣಿ ಅಂಗಡಿಯವರ ಮನೆಯ ಹಿರಿಯಾಕೆ. ಅರಳೆ ಹಾರುವ ದಿನಗಳೇ ಸಂಡಿಗೆ ಹಾಕುವ ದಿನಗಳೂ ಆಗಿದ್ದದ್ದು ಓಣಿಯ ನಸೀಬು. ದೊಡ್ಡವ್ವನ ಸಂಡಿಗೆ ಗಂಗಾವತಿಗೂ ಯಲಬುರ್ಗಿಗೂ ಹೆಣ್ಣುಮಕ್ಕಳ ಮನೆಗಳಿಗೆ ಹೋಗುತ್ತಿತ್ತು. ಹಸಿ ಸಂಡಿಗೆಯ ಮೇಲೆ ಅರಳೆ ಕೂತರೆ ಬಿಡುವುದಿಲ್ಲ.

“ನೋಡ ಇಲ್ಲೆ,” ಎಂದು ದೊಡ್ಡವ್ವ ಒಂದು ಸಂಡಿಗೆಯನ್ನು ಅಕ್ಕಾರ ಮೂಗಿಗೆ ಹಿಡಿದಿದ್ದರು. “ನಿನ್ನ ಗಿಡದ ದೆಸಿಂದ ನನ್ನ ಸಂಡಿಗಿಗೆ ಗಡ್ಡ ಬಂದೈತಿ! ಕರದ್ರ ಕೂದಲ ಸುಟ್ಟ ನಾತ. ಗಂಗಾವತಿ ಬೀಗರು ಕೇಳ್ಯಾರ, ನಿಮ್ಮವ್ವ ಸಂಡಿಗಿ ಹಾಕ್ಯಾಳೋ ಕುರಿ ಬೋಳಿಸ್ಯಾಳೋ ಅಂತ.”

“ಕುರಿ ಅಂದಿದ್ದಕ್ಕ ಸಿಟ್ಟು ಬಂತೋ, ಬೋಳಿಸ್ಯಾಳ ಅಂದಿದ್ದಕ್ಕೋ?”

“ನಗಬ್ಯಾಡ! ಈ ಗಿಡ ಹೋಗಬೇಕು.”

“ಗಿಡ ಹೋದ್ರ ನಮ್ಮತ್ತಿ ಬೆನ್ನು ಹೋಗತೈತಿ ದೊಡ್ಡವ್ವ.”

“ನಿಮ್ಮತ್ತಿ ಬೆನ್ನಿನ ಸಲುವಾಗಿ ಓಣಿ ಮಂದಿ ಅರಳಿ ತಿನ್ನಬೇಕೇನ?”

ಇಬ್ಬರದೂ ನಿಜವಾಗಿತ್ತು. ನನಗೆ ಕಷ್ಟವಾಗುತ್ತಿದ್ದದ್ದು ಅದೇ.

ಅಕ್ಕಾರು ಆಮೇಲೆ ಒಂದು ಪದ್ಧತಿ ಮಾಡಿದರು. ಬೆಳಿಗ್ಗೆ ಅಂಗಳದಲ್ಲಿ ನಿಂತು, ಒಂದು ಎಳೆ ಅರಳೆ ಬಿಟ್ಟು, ಅದು ಹೋಗುವ ದಿಕ್ಕು ನೋಡಿ, ಕಂಪೌಂಡಿನ ಮೇಲಿಂದ ಟ್ರಂಕ್ ದನಿಯಲ್ಲಿ ಕೂಗುವುದು: “ಹಲೋ, ದೊಡ್ಡವ್ವ! ಇವತ್ತು ಗಾಳಿ ನಿಮ್ಮ ಕಡೆ ಐತಿ. ಸಂಡಿಗಿ ಹಿತ್ತಲದಾಗ ಹಾಕ್ರಿ!” ದೊಡ್ಡವ್ವ ಬೈಯುತ್ತಲೇ ಹಿತ್ತಿಲಿಗೆ ಸಾಗಿಸುತ್ತಿದ್ದರು. ಗಾಳಿ ಮಧ್ಯಾಹ್ನ ತಿರುಗಿದರೆ ಆ ವರ್ಷದ ಜಗಳ ಹೊಸದಾಗಿ ಶುರು.

ಜಿಲ್ಲೆಯಾದ ಮೇಲೆ ಹೊಸ ಅಧಿಕಾರಿಗಳು ಬಂದರು. ಅವರಲ್ಲೊಬ್ಬರು, ಮೈಸೂರು ಕಡೆಯವರು, ಓಣಿ ಓಣಿಗೆ ಬಂದು ಅಹವಾಲು ಕೇಳುವ ಉತ್ಸಾಹಿ. ನಮ್ಮ ಮಾರುತಿ ಗುಡಿಯ ಮುಂದೆ ಶಾಮಿಯಾನ ಹಾಕಿ ಸಭೆ ಮಾಡಿದರು. ಚರಂಡಿ, ನಲ್ಲಿ, ಬೀದಿದೀಪ ಎಲ್ಲ ಆದ ಮೇಲೆ ದೊಡ್ಡವ್ವ ಎದ್ದು ನಿಂತರು.

“ಸಾಹೇಬ್ರ, ಅರಳಿ ಕಾಟ ಭಾಳ ಆಗೇತ್ರಿ. ಉಣ್ಣಂಗಿಲ್ಲ, ಉಡಂಗಿಲ್ಲ. ಆ ಗಿಡ ಕಡಸಿ ಪುಣ್ಯಾ ಕಟಗೋರಿ.”

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪುಸ್ತಕದಲ್ಲಿ ಅರಳೆ ಎಂದು ಬರೆಯುವುದನ್ನು ನಮ್ಮ ಬಾಯಿ ಅರಳಿ ಅನ್ನುತ್ತದೆ, ಮನೆ ಮನಿಯಾದಂತೆ. ಪೂಜೆಯ ಅರಳಿ ಮರವೂ ನಮಗೆ ಅರಳಿಯೇ. ಎರಡಕ್ಕೂ ಒಂದೇ ಸದ್ದು. ಸಂದರ್ಭ ನೋಡಿ ನಾವು ತಿಳಿದುಕೊಳ್ಳುತ್ತೇವೆ, ತಿಳಿದುಕೊಂಡದ್ದು ನಮಗೆ ಗೊತ್ತೂ ಆಗುವುದಿಲ್ಲ. ಬೂರಲ ಗಿಡ ಇದ್ದದ್ದು ಓಣಿಯ ಈ ತುದಿಯಲ್ಲಿ. ಆ ತುದಿಯಲ್ಲಿ ದೊಡ್ಡದೊಂದು ಅರಳಿ ಮರ ಇತ್ತು.

“ಅರಳಿ ಮರ ತಾನೆ? ಆ ಮೂಲೇಲಿರೋದು?” ಎಂದು ಸಾಹೇಬರು ಕೇಳಿದರು.

“ಹೌದ್ರಿ, ಮೂಲ್ಯಾಗಿಂದ!” ಎಂದು ಹತ್ತು ಬಾಯಿ ಒಮ್ಮೆಗೇ ಕೂಗಿದವು.

“ಆಯ್ತು, ಮಾಡಿಸ್ತೀನಿ.”

ಚಪ್ಪಾಳೆ ಬಿತ್ತು. ಅಕ್ಕಾರು ನನ್ನ ಪಕ್ಕದಲ್ಲಿ ನಿಂತಿದ್ದರು. ಅವರ ಎರಡು ಬೆರಳು ಎಡಗಿವಿಯ ಮೇಲಿದ್ದವು.

ಇದ್ದವೇ? ಅವತ್ತಿನ ದಿನಚರಿ ತೆಗೆದು ನೋಡಿದೆ. “ಸಭೆ. ಬಿಸಿಲು. ತಲೆನೋವು,” ಎಂದಿದೆ, ಅಷ್ಟೇ. ಬೆರಳಿನ ಮಾತಿಲ್ಲ. ಆಮೇಲೆ ನಡೆದದ್ದು ಗೊತ್ತಿರುವುದರಿಂದ ಆ ಬೆರಳುಗಳನ್ನು ನಾನೇ ಅಲ್ಲಿ ತಂದು ಇಟ್ಟಿರಬಹುದು.

ಕೆಲವು ದಿನಗಳ ಮೇಲೆ ಗರಗಸ, ಹಗ್ಗ, ಕೊಡಲಿ ಹಿಡಿದು ಆಳುಗಳು ಬಂದರು. ನೇರ ಆ ತುದಿಗೆ ಹೋಗಿ ಅರಳಿ ಮರಕ್ಕೆ ಹಗ್ಗ ಬಿಗಿಯತೊಡಗಿದರು. ಮೊದಲು ನೋಡಿದವರು ದೊಡ್ಡವ್ವ. ಕೈಯಲ್ಲಿ ಸಂಡಿಗೆ ಹಿಟ್ಟು, ತಲೆಯ ಮೇಲೆ ಸೆರಗಿಲ್ಲ, ಓಡಿದರು.

“ಏ! ಅರಳಿ ಗಿಡಕ್ಕ ಕೊಡ್ಲಿ ಹಚ್ಚತೀರೇನೋ! ನಿಮ್ಮ ಕೈ ಸೇದಿ ಹೋಗ್ಲಿ!”

“ನಮಗ್ಯಾಕ ಬೈತೀರಿ ಯವ್ವಾ? ನೀವ ಹೇಳೀರಂತ ಸಭಾದಾಗ. ಅರಳಿ ಮರ ಅಂತ ಸಾಹೇಬ್ರ ಹುಕುಂ ಐತಿ.”

“ನಾ ಹೇಳಿದ್ದು ಅರಳಿ! ಅರಳಿ!”

“ಇದೂ ಅರಳಿನ ಅಲ್ಲೇನ್ರಿ?”

“ಇದು ಅರಳಿ ಅಲ್ಲೋ, ಅರಳಿ ಹಾರತೈತಲ್ಲ, ಆ ಅರಳಿ!”

“ಹಾರೂ ಅರಳಿ ಯಾವುದು, ಹಾರಲಾರದ ಅರಳಿ ಯಾವುದು, ಒಂದ ಸಲ ತೋರಿಸಿಬಿಡ್ರಿ. ನಮಗ ಯಾವುದಾದ್ರೂ ಅಷ್ಟ.”

ಓಣಿಯೆಲ್ಲ ಸೇರಿತು. ಯಾರೋ ಮರಕ್ಕೆ ಕುಂಕುಮ ಹಚ್ಚಿದರು, ಯಾರೋ ಅತ್ತರು. ದೊಡ್ಡವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಹಿಟ್ಟಿನ ಕೈಯಿಂದಲೇ ಮರವನ್ನು ತಬ್ಬಿ, ಮಾರುತಿ ಗುಡಿಯ ಕಡೆ ಮುಖ ಮಾಡಿ ಕೂಗಿದರು: “ಹನಮಪ್ಪನಾಣಿ! ಈ ಓಣ್ಯಾಗ ಒಂದು ಗಿಡಕ್ಕೂ ಕೊಡ್ಲಿ ಮುಟ್ಟಸಂಗಿಲ್ಲ!”

“ಒಂದಕ್ಕೂ?” ಎಂದ ಆಳುಗಳ ಮುಖಂಡ, ಪೂರ್ತಿ ಗೊಂದಲದಲ್ಲಿ.

“ಒಂದಕ್ಕೂ!”

ಹೇಳಿದ ಮೇಲೆ ದೊಡ್ಡವ್ವನಿಗೆ ಏನು ಹೇಳಿದೆನೆಂದು ಹೊಳೆಯಿತು. ಈ ತುದಿಯ ಬೂರಲ ಗಿಡದ ಕಡೆ ನೋಡಿದರು. ಬಾಯಿ ತೆರೆದರು. ಆಗ ಗುಂಪಿನ ಹಿಂದಿನಿಂದ ಅಕ್ಕಾರ ದನಿ ಬಂತು, ಬಹಳ ಮೃದುವಾಗಿ:

“ಮೂರು ನಿಮಿಷ ಆತು ದೊಡ್ಡವ್ವ. ಲೈನ್ ಕಟ್ ಮಾಡ್ಲೇನು?”

ಆಣೆಗೆ ಎದುರಾಡುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಆ ವರ್ಷವೇ ದೊಡ್ಡವ್ವ ಅರಳಿ ಮರಕ್ಕೆ ಕಟ್ಟೆ ಕಟ್ಟಿಸಿ, ನಾಗರಕಲ್ಲು ಇಡಿಸಿದರು. ಬೂರಲ ಗಿಡ ಉಳಿಯಿತು. ಮುದುಕಿಯ ಬೆನ್ನೂ ಉಳಿಯಿತು. ಆಕೆ ತೀರಿಕೊಂಡದ್ದು ನಾಲ್ಕೈದು ವರ್ಷಗಳ ಮೇಲೆ, ಹೊಸದಾಗಿ ತುಂಬಿದ ಗಾದಿಯ ಮೇಲೆ. ಮೈಮೇಲೆ ಒಂದೂ ಹುಣ್ಣಿರಲಿಲ್ಲ. ಮೈ ತೊಳೆದ ಹೆಂಗಸರಲ್ಲಿ ದೊಡ್ಡವ್ವನೂ ಒಬ್ಬರು. ಹೊರಗೆ ಬಂದು, “ಕೂಸಿನ ಬೆನ್ನಿದ್ದಂಗ ಐತಿ,” ಎಂದಷ್ಟೇ ಹೇಳಿದ್ದು ನನಗೆ ನೆನಪಿದೆ. ಇದನ್ನು ಹೆಂಡತಿಯೂ ಒಪ್ಪುತ್ತಾಳೆ.

ಅಕ್ಕಾರು ನಿವೃತ್ತರಾದ ಮೇಲೆ ಒಂದು ಸಂಜೆ ಕೇಳಿಯೇಬಿಟ್ಟೆ.

“ಅಕ್ಕಾರ, ಅವತ್ತು ಸಭಾದಾಗ ಸಾಹೇಬ್ರು ತಪ್ಪು ತಿಳಕೊಂಡಿದ್ದು ನಿಮಗ ಗೊತ್ತಾಗಿತ್ತೇನ್ರಿ?”

“ನೀವು ಕನ್ನಡ ಕಲಿಸೋರು. ನಿಮಗ ಗೊತ್ತಾಗಿತ್ತೇನ್ರಿ?”

“ಇಲ್ಲ ಅನಸ್ತೈತಿ.”

“ಅನಸ್ತೈತಿ!” ಎಂದು ನಕ್ಕರು. “ಮಾಸ್ತರ, ಆಪರೇಟರ್ ಆದಾಕಿ ಮಂದಿ ಮಾತು ಕೇಳಬಾರದು. ಕೂಡಿಸಬೇಕು, ಬಿಡಬೇಕು.”

“ತಪ್ಪು ನಂಬರಿಗೆ ಕೂಡಿದ್ರ?”

ಅವರು ಎದ್ದು ಗಿಡದ ಕೆಳಗೆ ಹೋಗಿ ಮೇಲೆ ನೋಡುತ್ತ ನಿಂತರು. ಅವರು ತಮ್ಮ ಮರ ಉಳಿಸಿಕೊಳ್ಳಲು ಇನ್ನೊಂದು ಮರವನ್ನು ಪಣಕ್ಕಿಟ್ಟರೇ? ಓಣಿ ಬಿಡುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿದ್ದರೇ? ಅಥವಾ ಎಲ್ಲರಂತೆ ಅವರೂ ಕೇಳಿ, ಎಲ್ಲರಂತೆ ಸುಮ್ಮನಿದ್ದರೇ? ಈ ಪ್ರಶ್ನೆಗಳನ್ನು ಎಷ್ಟು ವರ್ಷದಿಂದ ತಿರುವುತ್ತಿದ್ದೇನೋ. ಬೀಜ ಕೆಳಗಿಳಿದಿಲ್ಲ.

ಅತ್ತೆ ಹೋದ ಮೇಲೂ ಅವರು ಕಾಯಿ ಕೀಳುವುದನ್ನು ಬಿಡಲಿಲ್ಲ. “ನಾಳೆ ನಾನೂ ಬೀಳಾಕಿನ,” ಎಂದು ತಮಗಾಗಿ ಗಾದಿ ತುಂಬಿಟ್ಟುಕೊಂಡು, ವರ್ಷಕ್ಕೊಮ್ಮೆ ಬಿಚ್ಚಿ ಹೊಸದು ಮಾಡುತ್ತಿದ್ದರು. ಅದರ ಮೇಲೆ ಒಂದು ದಿನವೂ ಮಲಗಲಿಲ್ಲ. ಚಹಾಕ್ಕೆ ನೀರಿಟ್ಟು, ಹಾಲು ತರಲು ಬಾಗಿಲಿಗೆ ಬಂದವರು ಹೊಸ್ತಿಲ ಮೇಲೆ ಕುಸಿದರು. ಹಾಸಿಗೆ ಹಿಡಿಯುವಷ್ಟು ಫುರಸತ್ತು ಅವರಿಗೆ ಎಂದೂ ಇರಲಿಲ್ಲ.

ಮನೆ ಈಗ ಗಂಗಾವತಿಯಲ್ಲಿರುವ ಅವರ ಮೈದುನನ ಮಗನದು. ಬೀಗದ ಕೈ ನನ್ನ ಹತ್ತಿರ ಇದೆ. ಗಾದಿ ದೊಡ್ಡವ್ವನ ಹತ್ತಿರ. ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಯಿತು. ಸೊಸೆ ಬಂದು ಸಂಕೋಚದಿಂದ ಕೇಳಿದಳು, ನಾನು ತೆಗೆದುಕೊಟ್ಟೆ. ನಿನ್ನೆ ಆಕೆ ಮತ್ತೆ ಬಂದಿದ್ದಳು. “ಮಾಸ್ತರ, ಗಾದಿ ಚಪ್ಪಟಿ ಆಗೇತ್ರಿ. ಅತ್ತಿ ಬೆನ್ನು ಕೆಂಪಗ ಕಾಣಾಕತ್ತೈತಿ. ಈ ವರ್ಷ ಕಾಯಿ ಕೀಳೋರು ಯಾರ್ರಿ?” ನನಗೆ ಗಳ ಹಿಡಿದು ಗೊತ್ತಿಲ್ಲ. ನೋಡೋಣ ಎಂದೆ.

ಇವತ್ತು ಬೆಳಿಗ್ಗೆ, ಇದನ್ನು ಬರೆಯಲು ಕೂರುವ ಮುಂಚೆ, ಗೇಟಿನ ಮುಂದೆ ಒಂದು ಜೀಪು ನಿಂತಿತು. ಇಳಿದವಳು ಎಳೆಯ ವಯಸ್ಸಿನ ಅಧಿಕಾರಿ, ಕೈಯಲ್ಲಿ ಮೊಬೈಲು.

“ಸರ್, ಈ ಬೀದೀಲಿ ಅರಳಿ ಕಾಟ ಅಂತ ಯಾರೋ ಫೋನ್ ಮಾಡಿದ್ರು. ಕಾರಿನ ಮೇಲೆಲ್ಲ ಬೀಳುತ್ತಂತೆ, ಕಡಿಸ್ಬೇಕಂತೆ. ನಾನು ಹಾಸನದ ಕಡೆಯವಳು, ಹೊಸಬಳು. ಅರಳಿ ಮರ ಯಾವುದು ಸರ್?”

ಅವಳ ಕೂದಲಿನ ಮೇಲೆ, ಹೆಗಲ ಮೇಲೆ, ಮೊಬೈಲಿನ ಗಾಜಿನ ಮೇಲೆ ಬಿಳಿ ಎಳೆಗಳು ಇಳಿಯುತ್ತಿದ್ದವು. ನಾನು ಕೈ ಎತ್ತಿ ಓಣಿಯ ಆ ತುದಿಗೆ ತೋರಿಸಿದೆ.

“ಅರಳಿ ಮರ ಅಲ್ಲಿದೆ ನೋಡಿ,” ಎಂದೆ, ತರಗತಿಯಲ್ಲಿ ಹೇಳುವಂತೆ ಸ್ಪಷ್ಟವಾಗಿ.

ಅವಳು ಹೋಗಿ ನೋಡಿದಳು. ಕಟ್ಟೆ, ನಾಗರಕಲ್ಲು, ಅರಿಸಿನ ಕುಂಕುಮ, ಸುತ್ತಿದ ದಾರ. ಚಪ್ಪಲಿ ಬಿಟ್ಟು ಕೈಮುಗಿದು ಬಂದಳು. “ಅಯ್ಯೋ, ಅದನ್ನ ಕಡಿಯೋಕಾಗುತ್ತಾ ಸರ್? ಎಂಥ ಜನಾನೋ,” ಎಂದು ಜೀಪು ಹತ್ತಿದಳು. ಆಗ ನನ್ನ ಎಡಗೈ ಎಲ್ಲಿತ್ತೆಂದು ಯಾರಾದರೂ ಕೇಳಿದರೆ ಹೇಳಲಾರೆ.

ಎದುರು ಕಿಟಕಿಯೊಳಗಿನಿಂದ ದೊಡ್ಡವ್ವನ ತೊದಲು ದನಿ ಬಂತು.

“ಮಾಸ್ತರ, ಯಾರದು?”

“ಅರಳಿ ಗಿಡ ಯಾವುದು ಅಂತ ಕೇಳಾಕ ಬಂದಿದ್ರು ದೊಡ್ಡವ್ವ. ತೋರಿಸಿದ್ನಿ.”

“ಯಾವ... ಅರಳಿ ತೋರಿಸಿದ್ರಿ?”

“ಪುಸ್ತಕದಾಗಿನ ಅರಳಿ.”

ಒಳಗಿನಿಂದ ಗೊರಗೊರ ಸದ್ದು ಬಂತು. ನಗುತ್ತಿದ್ದರೋ, ಉಸಿರು ತೆಗೆದುಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಶಬ್ದ ಎಳೆದು ಹೇಳಿದರು:

“ಮೂರು ನಿಮಿಷ ಆತು. ಮಾತು ಸಾಕ್ರಿ. ಗಾಳಿ ಏಳೂದ್ರಾಗ ಗಳ ತಗೋರಿ.”